ವೈದ್ಯರ ವಿಚಾರಣೆಯೂ ಗಡಿನಾಡಿನ ಕನ್ನಡವೂ

ಡಾಕ್ಟರೊಬ್ಬರ ಮೇಲೆ ಮೆಡಿಕಲ್ ಕೌನ್ಸಿಲಿಗೆ ದೂರು ಹೋಗಿದೆ, ಅವರ ಲೈಸೆನ್ಸು ಉಳಿಯುವುದೂ ಸಂಶಯ ಎಂಬ ಸುದ್ದಿ ಕಿವಿಗೆ ಬಿದ್ದರೆ ನಮ್ಮಲ್ಲಿ ಮರುಗುವವರು ಕಡಿಮೆ. ಆಸ್ಪತ್ರೆಯ ಬಿಲ್ಲು ತೀರಿಸಲು ಅಡಿಕೆ ತೋಟ ಅಡವಿಟ್ಟವರಿಗೆ, ವರಾಂಡದಲ್ಲಿ ನಿಂತು ನಿಂತು ಕಾಲು ಸೋತವರಿಗೆ "ಆಗಲಿ ಬಿಡಿ, ಅವರಿಗೂ ಒಮ್ಮೆ ಬಿಸಿ ಮುಟ್ಟಲಿ" ಎನ್ನಿಸುವುದು ಸಹಜವೇ. ಹೀಗಿರುವಾಗ, ಇಂಥ ವೈದ್ಯರಿಗೆ ಕಾನೂನಿನ ರಕ್ಷಣೆ ಬೇಕು, ವಕೀಲರು ಬೇಕು, ತಮ್ಮ ಮಾತನ್ನು ಹೇಳಿಕೊಳ್ಳಲು ಪೂರ್ಣ ಅವಕಾಶ ಬೇಕು ಎಂದು ಅಲ್ಪಸಂಖ್ಯಾತ ಕನ್ನಡಿಗರು ಓದುವ ಪತ್ರಿಕೆಯಲ್ಲಿ ಬರೆಯಹೊರಟರೆ ಓದುಗರು ಹುಬ್ಬೇರಿಸಬಹುದು. ಒಂದು ವರ್ಷದ ಹಿಂದೆ ಇಂಥ ಲೇಖನ ಕಂಡಿದ್ದರೆ ನಾವೂ ಪುಟ ಮಗುಚುತ್ತಿದ್ದೆವೋ ಏನೋ. ಕಳೆದ ಬೇಸಗೆ ರಜೆಯಲ್ಲಿ ನಾರಾಯಣಖೇಡದ ಕಡೆ ಕಂಡ ಒಂದು ಸಂಗತಿ ನಮ್ಮ ಅಭಿಪ್ರಾಯವನ್ನು ಬದಲಿಸಿತು.

ನಾರಾಯಣಖೇಡ ಎಲ್ಲಿದೆ, ಅದಕ್ಕೂ ಕಾಸರಗೋಡಿಗೂ ಏನು ನಂಟು ಎಂದು ಕೇಳುವವರಿಗೆ ಎರಡು ಮಾತು ಹೇಳಬೇಕು. ಹಿಂದಿನ ಹೈದರಾಬಾದ್ ರಾಜ್ಯದಲ್ಲಿ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರ, ಗುಲ್ಬರ್ಗಾಗಳ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು. ಈ ಮೂರು ತಾಲೂಕುಗಳು ಆಂಧ್ರ ಪ್ರದೇಶಕ್ಕೆ ಹೋದವು. ಜಹೀರಾಬಾದಿನ ನಿರ್ಣಾ ವೃತ್ತವೊಂದು ಮಾತ್ರ ಈಚೆಗೆ ಉಳಿಯಿತು. ಅದೇ ನವೆಂಬರ್ 1ರಂದು ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿತೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನೆನಪಿಸಬೇಕಾಗಿಲ್ಲ. ಒಂದೇ ದಿನ, ಒಂದೇ ಕಾಯಿದೆಯಿಂದ ಗಡಿಯಾಚೆಯವರಾದವರು ನಾವು ಮತ್ತು ಅವರು. 2014ರಲ್ಲಿ ಆ ಪ್ರದೇಶ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಜಿಲ್ಲೆಗಳನ್ನು ಒಡೆದಾಗ ಜಹೀರಾಬಾದ್, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಅಲ್ಲಿ ತೆಲುಗು ಆಡಳಿತ ಭಾಷೆ. 2017ರಲ್ಲಿ ಉರ್ದುವಿಗೂ ರಾಜ್ಯದ ಎರಡನೆಯ ಅಧಿಕೃತ ಭಾಷೆಯ ಸ್ಥಾನ ದೊರೆಯಿತು. ಕನ್ನಡ ಮನೆಯೊಳಗಿನ ಭಾಷೆಯಾಗಿ, ಜಾತ್ರೆಯ ಭಾಷೆಯಾಗಿ, ಬೀದರದ ಬೀಗರೊಡನೆ ಆಡುವ ಭಾಷೆಯಾಗಿ ಉಳಿದಿದೆ.

ಟಿ.ಸಿ.ಎಚ್. ತರಗತಿಯಲ್ಲಿ ನಮ್ಮೊಡನೆ ಓದಿದ ಗೆಳೆಯರೊಬ್ಬರು ಆ ಕಡೆಯವರು. ಕನ್ನಡ ಮೇಷ್ಟ್ರ ಮನೆಯೆಂದರೆ ಗಡಿನಾಡಿನಲ್ಲಿ ಅರ್ಧ ಕಚೇರಿ ಇದ್ದಂತೆ. ಪಡಿತರ ಚೀಟಿ, ಪಹಣಿ, ಬ್ಯಾಂಕಿನ ನೋಟೀಸು, ಎಲ್ಲ ಕಾಗದಗಳೂ ಓದಿಸಿಕೊಳ್ಳಲು ಅಲ್ಲಿಗೇ ಬರುತ್ತವೆ. ನಮ್ಮ ಮನೆಗೆ ಮಲಯಾಳದ ಕಾಗದ ಬರುತ್ತದೆ, ಅವರ ಮನೆಗೆ ತೆಲುಗಿನದು, ವ್ಯತ್ಯಾಸ ಅಷ್ಟೇ. ನಾವು ಅವರ ಮನೆಯಲ್ಲಿದ್ದ ಒಂದು ಭಾನುವಾರ ಸುಮಾರು ನಲವತ್ತರ ಹೆಂಗಸೊಬ್ಬರು ತಮ್ಮ ಅಣ್ಣನೊಡನೆ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಸ್ಕ್ಯಾನಿಂಗ್ ಚಿತ್ರ, ಬಿಲ್ಲುಗಳು, ತೆಲುಗಿನಲ್ಲಿ ಟೈಪು ಮಾಡಿದ ಒಂದು ಅರ್ಜಿಯ ನಕಲು. ಖಾಸಗಿ ಆಸ್ಪತ್ರೆಯೊಂದರಲ್ಲಿ ಅವರ ಗರ್ಭಕೋಶ ತೆಗೆದಿದ್ದರು. ತಮ್ಮ ಗರ್ಭಕೋಶವನ್ನೇ ತೆಗೆದಿದ್ದಾರೆಂದು ಅವರಿಗೆ ಗೊತ್ತಾದದ್ದು ಮೂರು ತಿಂಗಳ ಮೇಲೆ, ಬೀದರದ ಇನ್ನೊಬ್ಬ ಡಾಕ್ಟರು ಕಾಗದ ನೋಡಿ ಹೇಳಿದಾಗ.

ಗೆಳೆಯರು ಅರ್ಜಿಯನ್ನು ಓದಿ ಕನ್ನಡದಲ್ಲಿ ಹೇಳುತ್ತ ಬಂದರು. "ಡಾಕ್ಟರು ನನಗೆ ಯಾವ ವಿಷಯವನ್ನೂ ತಿಳಿಸದೆ ಮೋಸದಿಂದ ಆಪರೇಷನ್ ಮಾಡಿದ್ದಾರೆ" ಎಂಬಲ್ಲಿಗೆ ಬಂದಾಗ ಆ ಹೆಂಗಸು ತಡೆದರು.

"ಹಂಗ ಎಲ್ಲಿ ಅಂದೀನ್ರಿ ಸರ್? ಹೇಳ್ಯಾರ್ರಿ ಅವರು. ಹೇಳಿಲ್ಲಾಂತ ನಾ ಹ್ಯಾಂಗ ಅನ್ಲಿ? ನನಗ ತಿಳೀಲಿಲ್ರಿ, ಅಷ್ಟೇ."

ಹೇಳಿದ್ದೇನು ಎಂದು ಕೇಳಿದರೆ ಅವರು ತೆಲುಗಿನ ಎರಡು ಮಾತುಗಳನ್ನು ನೆನಪಿಟ್ಟುಕೊಂಡಿದ್ದರು: 'ಗಡ್ಡ ಉಂದಿ', 'ಸಂಚಿ ತೀಸೇಯಾಲಿ'. ಗಡ್ಡ ಎಂದರೆ ಗಡ್ಡೆ, ಅದು ತಿಳಿಯಿತು. ತೆಲುಗಿನವರು ಆಡುಮಾತಿನಲ್ಲಿ ಗರ್ಭಕೋಶವನ್ನು ಸಂಚಿ ಎನ್ನುತ್ತಾರೆ. ಎಲೆ ಅಡಿಕೆ ಇಡುವ ಸಂಚಿ ನಮಗೂ ಪರಿಚಿತವೇ. ಆ ಗಡ್ಡೆ ಯಾವುದೋ ಚೀಲದಂಥದ್ದರಲ್ಲಿದೆ, ಆ ಚೀಲವನ್ನು ಕಿತ್ತು ತೆಗೆಯುತ್ತಾರೆ ಎಂದು ಈಕೆ ಭಾವಿಸಿದರು; ತಲೆಯಾಡಿಸಿದರು; ಕಾಗದಕ್ಕೆ ಸಹಿ ಹಾಕಿದರು. ಸಂತೆಯಲ್ಲಿ ಆಲೂಗಡ್ಡೆ ಕೊಳ್ಳಲು, ಬಸ್ಸಿನಲ್ಲಿ ಚೀಟಿ ಕೇಳಲು ಅವರ ತೆಲುಗು ಧಾರಾಳ ಸಾಕು. ದೇಹದ ಒಳಗಿನ ಸಂಗತಿ ತಿಳಿಯಲು ಸಂತೆಯ ಭಾಷೆ ಸಾಲದು. ಊರಿನ ಅರ್ಜಿ ಬರೆಯುವವನು 'ತಿಳೀಲಿಲ್ಲ' ಎಂಬುದನ್ನು 'ತಿಳಿಸಲಿಲ್ಲ' ಎಂದು ಬರೆದುಬಿಟ್ಟಿದ್ದ. ಅವನಿಗೆ ಅದು ಎರಡಕ್ಷರದ ವ್ಯತ್ಯಾಸ, ಬಹುಶಃ ಅರ್ಜಿಗೆ ಬಲ ಬರಲೆಂದು ಮಾಡಿದ ಉಪಕಾರ. ಆ ಎರಡಕ್ಷರದಿಂದ ಇಬ್ಬರಲ್ಲಿ ಒಬ್ಬರು ಸುಳ್ಳರಾಗಲೇಬೇಕಾಯಿತು.

ಮೂರನೆಯ ದಿನ ಸಂಜೆ ಆ ಡಾಕ್ಟರೇ ಬಂದರು. ಮೂವತ್ತೈದು ದಾಟಿರದ ತೆಲುಗು ಹುಡುಗ. ಕೌನ್ಸಿಲಿನಿಂದ ಬಂದ ನೋಟೀಸಿನ ನಕಲು ಅವರ ಕೈಯಲ್ಲಿತ್ತು. "ಸರ್, ನಾನು ಹೇಳಿದ್ದೇನೆ. ಹತ್ತು ನಿಮಿಷ ಕೂತು ಹೇಳಿದ್ದೇನೆ. ನೀವೇ ಕನ್ನಡದಲ್ಲಿ ಅವರನ್ನು ಕೇಳಿ" ಎಂದು ಅಂಗಲಾಚಿದರು. ಒಪ್ಪಿಗೆ ಪತ್ರದ ನಕಲನ್ನು ತೋರಿಸಿದರು. ಮೇಲೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಅಚ್ಚಾದ ಒಂದು ಪುಟ. ಕೆಳಗೆ ಕನ್ನಡ ಅಕ್ಷರಗಳಲ್ಲಿ ಆ ಹೆಂಗಸಿನ ಸಹಿ. ಮೇಷ್ಟ್ರಾದ ನಮ್ಮ ಕಣ್ಣಿಗೆ ಮೊದಲು ಬಿದ್ದದ್ದು ಆ ಸಹಿಯೇ. ಕನ್ನಡದಲ್ಲಿ ಮಾತ್ರ ಸಹಿ ಮಾಡಬಲ್ಲವರು ಮೇಲಿನ ಪುಟವನ್ನು ಓದಿರಲಾರರು ಎಂಬುದು ಆ ಸಹಿಯಿಂದಲೇ ಗೊತ್ತಾಗುತ್ತಿತ್ತು. ಡಾಕ್ಟರು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು: ಕೇಸು ಶೀಟಿನಲ್ಲಿ 'ರೋಗಿಯ ಭಾಷೆಯಲ್ಲಿ ವಿವರಿಸಲಾಗಿದೆ' ಎಂಬ ಒಂದು ಸಾಲನ್ನು ಈಗ ಸೇರಿಸಿಬಿಡೋಣವೆಂದು ಒಂದು ರಾತ್ರಿ ಯೋಚಿಸಿದ್ದರಂತೆ. ಅವರ ವಕೀಲರು ಬೈದು ತಡೆದರಂತೆ. ಆ ವಕೀಲರು ಯಾರೋ ನಾವರಿಯೆವು. ಆ ಒಂದು ಬೈಗುಳಕ್ಕೆ ಅವರ ಫೀಸು ಪೂರ್ತಿ ಸಂದಿತು ಎಂದೇ ನಮ್ಮ ಎಣಿಕೆ. ಆಗಿದ್ದ ತಪ್ಪು ವಿವರಣೆಯ ಕೊರತೆ. ದಾಖಲೆ ತಿದ್ದಿದ್ದರೆ ಅದು ಅಪರಾಧವಾಗುತ್ತಿತ್ತು.

ಈಗ ವಿಷಯಕ್ಕೆ ಬರೋಣ. ವೈದ್ಯರ ನಡತೆಯ ಬಗ್ಗೆ ಇಂದಿಗೂ ಜಾರಿಯಲ್ಲಿರುವುದು 2002ರ ವೃತ್ತಿ ನಡವಳಿಕೆಯ ನಿಯಮಾವಳಿ. 2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮಗಳನ್ನು ಹೊರಡಿಸಿತಾದರೂ ಅದೇ ತಿಂಗಳಲ್ಲಿ ಅವನ್ನು ತಡೆಹಿಡಿಯಿತು. ದೂರು ಬಂದರೆ ಕೌನ್ಸಿಲು ವಿಚಾರಣೆ ನಡೆಸಬೇಕು. ವೈದ್ಯರು ಸ್ವತಃ ಬಂದಾಗಲಿ ವಕೀಲರ ಮೂಲಕವಾಗಲಿ ತಮ್ಮ ಮಾತು ಹೇಳಲು ಅವಕಾಶ ಕೊಡಬೇಕು. ಆರು ತಿಂಗಳೊಳಗೆ ತೀರ್ಮಾನಿಸಬೇಕು ಎಂದು ಆ ನಿಯಮಾವಳಿ ಹೇಳುತ್ತದೆ. ತಪ್ಪು ಸಾಬೀತಾದರೆ ಹೆಸರನ್ನು ಒಂದು ಅವಧಿಗೆ ಅಥವಾ ಪೂರ್ತಿಯಾಗಿ ರಿಜಿಸ್ಟರಿನಿಂದ ತೆಗೆಯಬಹುದು. ವಿಚಾರಣೆ ನಡೆಯುತ್ತಿರುವಾಗಲೇ ದೂರಿಗೆ ಕಾರಣವಾದ ಚಿಕಿತ್ಸೆಯನ್ನು ಮಾಡದಂತೆ ವೈದ್ಯರನ್ನು ತಡೆಯಲೂಬಹುದು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿಯೋ ಅವರ ಪರವಾಗಿ ಅಧಿಕಾರ ಪಡೆದವರೋ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು, ಕೊಡದಿದ್ದರೆ ಅದೇ ಒಂದು ದುರ್ನಡತೆ ಎಂಬುದೂ ಅದರಲ್ಲೇ ಇದೆ. ಈ 72 ಗಂಟೆಯ ಮಾತನ್ನು ನಮ್ಮ ಓದುಗರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆಸ್ಪತ್ರೆಯ ಕೌಂಟರಿನಲ್ಲಿ ಅದನ್ನು ಹೇಳಿದೊಡನೆ ಎದುರಿಗಿದ್ದವರ ದನಿ ತಗ್ಗಿದ್ದನ್ನು ನಾವು ಕಂಡಿದ್ದೇವೆ.

ಕೌನ್ಸಿಲಲ್ಲದೆ ಇನ್ನೂ ಎರಡು ಬಾಗಿಲುಗಳಿವೆ. ಪರಿಹಾರ ಬೇಕಾದರೆ ಗ್ರಾಹಕ ನ್ಯಾಯಾಲಯ. 1995ರಲ್ಲಿ ಸುಪ್ರೀಂ ಕೋರ್ಟು ಹಣ ಪಡೆದು ಮಾಡುವ ಚಿಕಿತ್ಸೆಯೂ ಸೇವೆಯೇ ಎಂದು ತೀರ್ಪಿತ್ತಿತು. ಜೀವ ಹೋಗಿದ್ದರೆ ಪೊಲೀಸು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ತಂದ ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ ಸಜೆ. ಆದರೆ ಲೈಸೆನ್ಸಿನ ಮೇಲೆ ಕೈಯಿಡುವ ಅಧಿಕಾರ ಕೌನ್ಸಿಲಿನದು. ವೈದ್ಯರು ಹೆಚ್ಚು ಹೆದರುವುದೂ ಈ ಬಾಗಿಲಿಗೇ. ಹಣ ಹೋದರೆ ದುಡಿಯಬಹುದು. ರಿಜಿಸ್ಟರಿನಿಂದ ಹೆಸರು ಹೋದರೆ ದುಡಿಯುವುದೇ ನಿಂತಿತು.

ಈ ಹೆದರಿಕೆ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯ ಲಾಲ್‌ಸೋಟಿನಲ್ಲಿ ನಡೆದುದನ್ನು ಮರೆಯಬಾರದು. ಹೆರಿಗೆಯ ನಂತರ ರಕ್ತಸ್ರಾವದಿಂದ ಬಾಣಂತಿಯೊಬ್ಬಳು ಸತ್ತಳು. ಆಸ್ಪತ್ರೆಯ ಮುಂದೆ ಜನ ಸೇರಿದರು. ಪೊಲೀಸರು ವೈದ್ಯೆಯ ಮೇಲೆ ಕೊಲೆಯ ಕಲಮು ಹಾಕಿದರು. ಮರುದಿನ ಆ ವೈದ್ಯೆ ಪ್ರಾಣ ತೆಗೆದುಕೊಂಡರು. ಇನ್ನೊಬ್ಬ ಸಮರ್ಥ ವೈದ್ಯರ ಅಭಿಪ್ರಾಯವಿಲ್ಲದೆ ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಸಬಾರದು, ಸುಮ್ಮಸುಮ್ಮನೆ ಬಂಧಿಸಬಾರದು ಎಂದು 2005ರಲ್ಲೇ ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಹದಿನೇಳು ವರ್ಷದ ಹಿಂದಿನ ಆ ಮಾತು ಲಾಲ್‌ಸೋಟಿನ ಠಾಣೆಗೆ ತಲುಪಿರಲಿಲ್ಲ.

ಇಂಥದ್ದು ನಡೆದಾಗ ನಷ್ಟ ಯಾರಿಗೆ? ನಾರಾಯಣಖೇಡದಂಥ ಊರಿಗೆ ಹೆರಿಗೆ ತಜ್ಞರು ಬರುವುದೇ ಅಪರೂಪ. ದೂರೊಂದು ಬಿದ್ದೊಡನೆ ಅವರು ಗಂಟುಮೂಟೆ ಕಟ್ಟಿ ಹೈದರಾಬಾದಿಗೆ ಹೋದರೆ ಮತ್ತೆ ಉಳಿಯುವವರು ಹಳ್ಳಿಹಳ್ಳಿಯ ಆರ್‌ಎಂಪಿಗಳು. ತೆಲಂಗಾಣದಲ್ಲಿ ಆರ್‌ಎಂಪಿ ಎಂದರೆ ಯಾವ ರಿಜಿಸ್ಟರಿನಲ್ಲೂ ಹೆಸರಿಲ್ಲದ, ಸೂಜಿ ಚುಚ್ಚುವ ಡಾಕ್ಟರೆಂದು ಜನರ ಲೆಕ್ಕ. ಅವನಿಗೆ ಕೌನ್ಸಿಲಿನ ಹೆದರಿಕೆಯಿಲ್ಲ. ಇಲ್ಲದ ಲೈಸೆನ್ಸನ್ನು ಕಸಿಯುವವರಾರು? ಅಂಥವನಿಗೆ ಒಂದು ವರ್ಷದ ಸಜೆ, ಐದು ಲಕ್ಷ ರೂಪಾಯಿಯವರೆಗೆ ದಂಡ ಎಂದು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯಲ್ಲಿ ಇದೆಯೆನ್ನಿ. ಆದರೆ ರಾತ್ರಿ ಹನ್ನೊಂದಕ್ಕೆ ಬಾಗಿಲು ತಟ್ಟಿದರೆ ತೆರೆಯುವವನು ಅವನೇ, ಮುರುಕು ಕನ್ನಡವಾದರೂ ಆಡುವವನೂ ಅವನೇ. ಕಲಿತ ವೈದ್ಯರು ಊರಿನಲ್ಲಿ ನಿಲ್ಲಬೇಕಾದರೆ ಅವರಿಗೆ ನ್ಯಾಯವಾದ ವಿಚಾರಣೆಯ ಭರವಸೆ ಬೇಕು. ಇಂಗ್ಲೆಂಡಿನ ವೈದ್ಯರು 1885ರಲ್ಲೇ ಮೆಡಿಕಲ್ ಡಿಫೆನ್ಸ್ ಯೂನಿಯನ್ ಕಟ್ಟಿಕೊಂಡು ತಮ್ಮೊಳಗೆ ಚಂದಾ ಎತ್ತಿ ವಕೀಲರನ್ನಿಟ್ಟರು. ನಮ್ಮ ದೇಶದಲ್ಲೂ ಐಎಂಎಯ ಕೆಲವು ರಾಜ್ಯ ಶಾಖೆಗಳು ಅಂಥ ರಕ್ಷಣಾ ಯೋಜನೆ ನಡೆಸುತ್ತವೆ. ಇದನ್ನು ಕಳ್ಳರ ಕೂಟವೆಂದು ಜರೆಯುವವರಿದ್ದಾರೆ. ನಾವು ಆ ಮಾತನ್ನು ಒಪ್ಪುವುದಿಲ್ಲ.

ಆದರೆ ಜನರ ಸಂಶಯಕ್ಕೆ ಆಧಾರವೇ ಇಲ್ಲವೆಂದೂ ಹೇಳಲಾರೆವು. ಕೌನ್ಸಿಲಿನಲ್ಲಿ ಕುಳಿತು ವೈದ್ಯರನ್ನು ತೂಗುವವರೂ ವೈದ್ಯರೇ. 1998ರಲ್ಲಿ ಕಲ್ಕತ್ತೆಗೆ ರಜೆಗೆಂದು ಬಂದಿದ್ದ, ಅಮೆರಿಕದಲ್ಲಿ ನೆಲೆಸಿದ್ದ ಮಹಿಳೆಯೊಬ್ಬರು ಅತಿಯಾದ ಸ್ಟೀರಾಯ್ಡ್ ಚಿಕಿತ್ಸೆಗೆ ಸಿಕ್ಕಿ ಸತ್ತರು. ಪಶ್ಚಿಮ ಬಂಗಾಳದ ಕೌನ್ಸಿಲು ವೈದ್ಯರದೇನೂ ತಪ್ಪಿಲ್ಲವೆಂದಿತು. 2009ರಲ್ಲಿ ಸುಪ್ರೀಂ ಕೋರ್ಟು ನಿರ್ಲಕ್ಷ್ಯವಾಗಿದೆ ಎಂದಿತು. 2013ರಲ್ಲಿ ಸುಮಾರು ಆರು ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹೋರಾಡಿದ ಪತಿ ಸ್ವತಃ ವೈದ್ಯರು, ಇಂಗ್ಲಿಷ್ ಬಲ್ಲವರು. ಅವರಿಗೇ ಹದಿನೈದು ವರ್ಷ ಹಿಡಿಯಿತು. 2019ರ ಕಾಯಿದೆಯಂತೂ ರಾಜ್ಯ ಕೌನ್ಸಿಲಿನ ತೀರ್ಮಾನದ ಮೇಲೆ ನೈತಿಕತೆ ಹಾಗೂ ನೋಂದಣಿ ಮಂಡಳಿಗೆ, ಅಲ್ಲಿಂದ 60 ದಿನಗಳೊಳಗೆ ಆಯೋಗಕ್ಕೆ ಮೇಲ್ಮನವಿ ಹೋಗುವ ಹಕ್ಕನ್ನು ಹೇಳುವಾಗ ವೈದ್ಯರನ್ನು ಮಾತ್ರ ಹೆಸರಿಸಿದೆ. ರೋಗಿಯ ಪ್ರಸ್ತಾಪವೇ ಇಲ್ಲ. ವೈದ್ಯರಿಗೆ ರಕ್ಷಣೆ ಬೇಕೆನ್ನುವ ನಮಗೂ ಈ ಏಕಪಕ್ಷೀಯತೆ ಸರಿ ಕಾಣುವುದಿಲ್ಲ.

ಹಾಗಾದರೆ ಒಪ್ಪಿಗೆ ಪತ್ರದ ಮಾತೇನು? 2008ರಲ್ಲಿ ಸಮೀರಾ ಕೋಹ್ಲಿ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಪರೀಕ್ಷೆಗೆಂದು ಅರಿವಳಿಕೆ ಕೊಟ್ಟಿದ್ದ ಸ್ಥಿತಿಯಲ್ಲೇ, ಹೊರಗಿದ್ದ ತಾಯಿಯಿಂದ ಸಹಿ ಪಡೆದು, 44 ವರ್ಷದ ಮಗಳ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆದಿದ್ದರು. ಚಿಕಿತ್ಸೆ ಒಳ್ಳೆಯದಕ್ಕೇ ಆಗಿರಬಹುದು, ಆದರೆ ರೋಗಿ ತಿಳಿದು ಕೊಟ್ಟ ಒಪ್ಪಿಗೆಯಲ್ಲದ್ದು ಒಪ್ಪಿಗೆಯೇ ಅಲ್ಲ ಎಂದಿತು ನ್ಯಾಯಾಲಯ. ತಿಳಿಯುವುದು ಎಂದರೆ ಯಾವುದೋ ಒಂದು ಭಾಷೆಯಲ್ಲಿ ತಾನೆ? ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯಿದೆ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಹೆಂಗಸಿಗೆ ತಿಳಿಯುವ ಭಾಷೆಯಲ್ಲಿ ಆಕೆಯ ಲಿಖಿತ ಒಪ್ಪಿಗೆ ಪಡೆಯದೆ ಪರೀಕ್ಷೆ ಕೂಡದು. ಅದೇ ಕಾಯಿದೆಯಲ್ಲಿ, ನ್ಯಾಯಾಲಯ ದೋಷಾರೋಪ ಹೊರಿಸಿದರೆ ವೈದ್ಯರ ನೋಂದಣಿಯನ್ನು ಕೌನ್ಸಿಲು ಅಮಾನತಿನಲ್ಲಿಡಬೇಕು, ಶಿಕ್ಷೆಯಾದರೆ ಮೊದಲ ಸಲಕ್ಕೆ ಐದು ವರ್ಷ, ಮತ್ತೆ ಮಾಡಿದರೆ ಶಾಶ್ವತವಾಗಿ ಹೆಸರು ತೆಗೆಯಬೇಕು ಎಂದಿದೆ. ಭಾಷೆಯ ಮಾತೂ ಲೈಸೆನ್ಸಿನ ಮಾತೂ ಒಂದೇ ಕಾಯಿದೆಯ ಎರಡು ಪುಟಗಳಲ್ಲಿವೆ.

ಇನ್ನೊಂದು ತೀರ್ಪು 2016ರದು, ಬಿಹಾರದ ಅರರಿಯಾ ಜಿಲ್ಲೆಯ ಸಂತಾನಹರಣ ಶಿಬಿರದ ಬಗ್ಗೆ. 2012ರ ಜನವರಿಯ ಒಂದು ರಾತ್ರಿ, ಸರ್ಕಾರಿ ಶಾಲೆಯೊಂದರಲ್ಲಿ ಎರಡು ಗಂಟೆಯ ಅವಧಿಯಲ್ಲಿ 53 ಹೆಂಗಸರಿಗೆ ಶಸ್ತ್ರಕ್ರಿಯೆ ಮಾಡಿ ಮುಗಿಸಿದ್ದರು. ಮೇಜುಗಳು ಮಕ್ಕಳು ಬರೆಯುವ ಮೇಜುಗಳೇ. ಮೇಷ್ಟ್ರಾಗಿ ಇದನ್ನು ಓದಿದ ಮೇಲೆ ನಾಲ್ಕು ದಿನ ತರಗತಿಯ ಬೆಂಚುಗಳನ್ನು ನೋಡಲು ಮನಸ್ಸಾಗಲಿಲ್ಲ. ಆ ತೀರ್ಪಿನಲ್ಲಿ ನ್ಯಾಯಾಲಯ, ಶಸ್ತ್ರಕ್ರಿಯೆಯ ವಿವರವನ್ನೂ ಪರಿಣಾಮವನ್ನೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು, ಆಮೇಲೆ ಸುಮಾರು ಒಂದು ಗಂಟೆಯಾದರೂ ಯೋಚಿಸಲು ಬಿಡಬೇಕು ಎಂದು ಆದೇಶಿಸಿತು.

ಇಷ್ಟು ಹೇಳಿ, ಕನ್ನಡದಲ್ಲೊಂದು ಕಾಗದವಿದ್ದರೆ ಎಲ್ಲ ಸರಿಹೋಗುತ್ತದೆಂದು ನಾವು ನಂಬಿಸಲು ಹೊರಟಿಲ್ಲ. ತಾಂಡೂರಿನಿಂದ ವಾಡಿಯ ಕಡೆ ಹೋಗುವ ರೈಲು ಹತ್ತಿದರೆ ಸೇಡಂ ಬರುತ್ತದೆ. ಅದು ಕಲಬುರಗಿ ಜಿಲ್ಲೆ, ಶುದ್ಧ ಕನ್ನಡ ನಾಡು. 2015ರಲ್ಲಿ ಆ ಜಿಲ್ಲೆಯಲ್ಲೇ ಎರಡು ಸಾವಿರಕ್ಕೂ ಮಿಕ್ಕ ಹೆಂಗಸರಿಗೆ, ಹೆಚ್ಚಿನವರು ತಾಂಡಾದ ಲಂಬಾಣಿಗಳು ಮತ್ತು ದಲಿತರು, ಖಾಸಗಿ ಆಸ್ಪತ್ರೆಗಳಲ್ಲಿ ಬೇಡದ ಗರ್ಭಕೋಶದ ಆಪರೇಷನ್ ಮಾಡಿದ ಸಂಗತಿ ಹೊರಬಿತ್ತು. 2017ರ ಫೆಬ್ರವರಿಯಲ್ಲಿ ಅದೇ ಹೆಂಗಸರು ನ್ಯಾಯ ಕೇಳಿ ಕಲಬುರಗಿಯ ಬೀದಿಗಿಳಿದರು. ಮೂವತ್ತು ದಾಟದವರೂ ಅವರಲ್ಲಿದ್ದರು. ಅಲ್ಲಿ ಡಾಕ್ಟರೂ ಕನ್ನಡ, ಕಾಗದವೂ ಕನ್ನಡ, ಸರ್ಕಾರವೂ ಕನ್ನಡದ್ದು. ದುರಾಸೆಗೆ ಭಾಷೆ ತಡೆಯಾಗಲಿಲ್ಲ. ಇಂಥ ಶಸ್ತ್ರಕ್ರಿಯೆಗಳ ಮೇಲೆ ಕಣ್ಣಿಡಲು ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟು ಎಲ್ಲ ರಾಜ್ಯಗಳಿಗೆ ಹೇಳಬೇಕಾದದ್ದು 2023ರ ಏಪ್ರಿಲಿನಲ್ಲಿ. ಕಲಬುರಗಿಯ ಪ್ರಕರಣದಲ್ಲಿ ಜನರ ಬಾಯಲ್ಲಿ ಗೊಂದಲವಾದ ಒಂದು ಅಂಶವನ್ನೂ ಇಲ್ಲೇ ಹೇಳಿಬಿಡಬೇಕು. ಆಸ್ಪತ್ರೆಯ ಪರವಾನಗಿ ಬೇರೆ, ವೈದ್ಯರ ನೋಂದಣಿ ಬೇರೆ. ಮೊದಲನೆಯದು ಜಿಲ್ಲಾ ಮಟ್ಟದ ಪ್ರಾಧಿಕಾರದ ಕೈಯಲ್ಲಿ, ಎರಡನೆಯದು ಕೌನ್ಸಿಲಿನ ಕೈಯಲ್ಲಿ. ಬೋರ್ಡು ಬದಲಿಸಿ ಅದೇ ವೈದ್ಯರು ಇನ್ನೊಂದು ಕಟ್ಟಡದಲ್ಲಿ ಕುಳಿತರೆ ಮೊದಲನೆಯ ಆದೇಶದಿಂದ ಏನೂ ಮಾಡಲಾಗದು.

ದುರಾಸೆಯ ವೈದ್ಯರನ್ನೂ ಭಾಷೆ ತಿಳಿಯದೆ ಸಿಕ್ಕಿಬಿದ್ದ ವೈದ್ಯರನ್ನೂ ಬೇರೆ ಬೇರೆ ಮಾಡಿ ನೋಡುವುದೇ ವಿಚಾರಣೆಯ ಕೆಲಸ. ವೈದ್ಯರ ಪರ ವಕೀಲರು ಪ್ರಶ್ನೆ ಕೇಳದೆ, ದೂರಿದವರು ತಮ್ಮ ಬಾಯಿಂದಲೇ ಉತ್ತರ ಹೇಳದೆ ಆ ವಿಂಗಡಣೆ ಆಗದು. ನಾರಾಯಣಖೇಡದ ಹೆಂಗಸು ಕೌನ್ಸಿಲಿನ ಮುಂದೆ ನಿಂತಾಗ ತೆಲುಗಿನ ಅರ್ಜಿಯಲ್ಲಿರುವ 'ತಿಳಿಸಲಿಲ್ಲ' ಎಂಬುದೇ ಅವರ ಮಾತೆಂದು ಎಣಿಸಲ್ಪಡುತ್ತದೆ. ಪಾಟೀಸವಾಲಿನಲ್ಲಿ ಅವರು ಸತ್ಯ ಹೇಳಿ "ಹೇಳ್ಯಾರ್ರಿ" ಎಂದರೆ ಅರ್ಜಿಯೇ ಸುಳ್ಳಾಗಿ ಬಿದ್ದುಹೋಗುತ್ತದೆ. ಅರ್ಜಿಗೆ ಅಂಟಿಕೊಂಡರೆ ಹತ್ತು ನಿಮಿಷ ಕೂತು ಹೇಳಿದ ವೈದ್ಯರಿಗೆ ವಂಚಕನೆಂಬ ಹೆಸರು ಬರುತ್ತದೆ. ತಿಳಿಯದ ಭಾಷೆಯಲ್ಲಿ ಹೇಳಿ ಸಹಿ ಪಡೆಯುವುದು ಸರಿಯೇ ಎಂಬ ನಿಜವಾದ ಪ್ರಶ್ನೆಯನ್ನು ಯಾರೂ ಎತ್ತುವುದೇ ಇಲ್ಲ.

ಇದರ ಮೇಲೆ, ಅರ್ಜಿ ಯಾರ ಕೈಗೆ ಸೇರಬೇಕೆಂಬ ಗಡಿನಾಡಿನ ತಕರಾರು ಬೇರೆ. ಜಹೀರಾಬಾದಿನಿಂದ ಬೀದರ ಹತ್ತಿರ, ಹೈದರಾಬಾದು ನೂರು ಕಿಲೋಮೀಟರಿಗೂ ಆಚೆ. ತಾಂಡೂರಿನವರಿಗೆ ಕಲಬುರಗಿಯ ಆಸ್ಪತ್ರೆಗಳ ಪರಿಚಯ ಇದ್ದೇ ಇದೆ. ಬೀದರದ ವೈದ್ಯರ ಮೇಲಿನ ದೂರು ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲಿಗೆ, ಜಹೀರಾಬಾದಿನ ವೈದ್ಯರದ್ದು ಹೈದರಾಬಾದಿನ ತೆಲಂಗಾಣ ಕೌನ್ಸಿಲಿಗೆ. ನಮ್ಮ ಕಥೆಯೂ ಇದೇ ತಾನೆ? ಮಂಜೇಶ್ವರ, ಕುಂಬಳೆಯವರು ದೊಡ್ಡ ಕಾಯಿಲೆಗೆ ಮಂಗಳೂರಿಗೆ ಓಡುತ್ತೇವೆ. 2020ರ ಮಾರ್ಚಿನ ಕೊನೆಯಲ್ಲಿ ತಲಪಾಡಿಯ ರಸ್ತೆಗೆ ಮಣ್ಣು ಸುರಿದಾಗ ಆ ಓಟ ಏನೆಂಬುದು ಊರಿಗೆಲ್ಲ ತಿಳಿಯಿತು. ಮಂಗಳೂರಿನ ವೈದ್ಯರ ಬಗ್ಗೆ ತಿರುವನಂತಪುರದಲ್ಲಿ ಹೇಳಿ ಪ್ರಯೋಜನವಿಲ್ಲ. ನೋಂದಣಿ ಎಲ್ಲಿದೆಯೋ ದೂರೂ ಅಲ್ಲಿಗೇ ಹೋಗಬೇಕು. ಆದ್ದರಿಂದ ಚೀಟಿಯ ಮೇಲೆ ವೈದ್ಯರ ಹೆಸರಿನ ಕೆಳಗಿರುವ ನೋಂದಣಿ ಸಂಖ್ಯೆಯನ್ನು ಮೊದಲು ನೋಡಿಕೊಳ್ಳಬೇಕು. ಅದನ್ನು ಬರೆಯಬೇಕೆಂಬುದೂ ನಿಯಮವೇ.

ಸಂವಿಧಾನದ 350ನೆಯ ವಿಧಿಯಂತೆ ಯಾವ ಪ್ರಜೆಯೂ ತನ್ನ ಕಷ್ಟ ಪರಿಹಾರಕ್ಕಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೂ ಪ್ರಾಧಿಕಾರಕ್ಕೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಮನವಿ ಕೊಡಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ಅದರಲ್ಲಿಲ್ಲ. ಅಷ್ಟರಮಟ್ಟಿಗೆ ಅದು ಒಂದು ಕೈಯ ಚಪ್ಪಾಳೆ. ಕೇರಳದಲ್ಲಿ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡಿಗರಿಗೂ ತಮಿಳರಿಗೂ ತಮ್ಮ ಭಾಷೆಯಲ್ಲಿ ಸರ್ಕಾರಕ್ಕೆ ಬರೆಯುವ, ತಮ್ಮ ಭಾಷೆಯಲ್ಲೇ ಉತ್ತರ ಪಡೆಯುವ ಹಕ್ಕನ್ನು ಬರೆದಿಟ್ಟಿತು. ಅದು ಎಷ್ಟು ಸಲ ಕಾಗದದಿಂದ ಕೆಳಗಿಳಿಯಿತೆಂಬುದನ್ನು ನಾವು ಬಲ್ಲೆವು. ಆದರೂ ಜಹೀರಾಬಾದಿನವರಿಗೆ ಇದನ್ನು ಹೇಳಿದಾಗ ಅವರು ನಮ್ಮನ್ನು ಭಾಗ್ಯವಂತರೆಂಬಂತೆ ನೋಡಿದರು.

ತೆಲಂಗಾಣದ ಕೌನ್ಸಿಲನ್ನು ಕೇಳಬೇಕಾದುದು ದೊಡ್ಡದೇನಲ್ಲ. ಕನ್ನಡದಲ್ಲಿ ಬಂದ ದೂರನ್ನು ತೆಗೆದುಕೊಳ್ಳಲಿ. ಅನುವಾದವನ್ನು ದೂರುದಾರರಿಗೆ ಓದಿ ಹೇಳಿಸಿ, ಹೌದೆನ್ನಿಸಿಕೊಂಡ ಮೇಲೆಯೇ ವೈದ್ಯರಿಗೆ ನೋಟೀಸು ಕಳುಹಿಸಲಿ. ವಿಚಾರಣೆಯ ದಿನ ಕನ್ನಡ ಬಲ್ಲವರೊಬ್ಬರನ್ನು ಕೂರಿಸಲಿ. ಇದರಿಂದ ವೈದ್ಯರ ವಕೀಲರಿಗೂ ಅನುಕೂಲವೇ. ತಾವು ಯಾವ ಆರೋಪಕ್ಕೆ ಉತ್ತರ ಕೊಡುತ್ತಿದ್ದೇವೆಂಬುದು ಅವರಿಗೂ ಸ್ಪಷ್ಟವಾಗುತ್ತದೆ. ಇನ್ನು ಆಸ್ಪತ್ರೆಗಳವರು ಒಪ್ಪಿಗೆ ಪತ್ರದ ಒಂದು ಕನ್ನಡ ಪುಟ ಅಚ್ಚು ಹಾಕಿಸಿದರೆ ಖರ್ಚು ಎಷ್ಟಾದೀತು? ಲೈಸೆನ್ಸು ಕಾಪಾಡಿಕೊಳ್ಳಲು ವಕೀಲರಿಗೆ ಕೊಡುವ ಮೊದಲ ಕಂತಿನ ಸಣ್ಣದೊಂದು ಪಾಲು ಅಷ್ಟೇ.

ನಮ್ಮ ಗೆಳೆಯರು ಆ ಹೆಂಗಸಿನ ಮಾತನ್ನು ಆಕೆ ಹೇಳಿದಂತೆಯೇ ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ತೆಲುಗು ಅನುವಾದವನ್ನೂ ಬರೆದು, ಎರಡನ್ನೂ ಓದಿ ಹೇಳಿ ಸಹಿ ಮಾಡಿಸಿದರು. 'ತಿಳಿಸಲಿಲ್ಲ' ಹೋಗಿ 'ತಿಳಿಯಲಿಲ್ಲ' ಬಂತು. ಅದರ ನಕಲು ಡಾಕ್ಟರ ವಕೀಲರಿಗೂ ಹೋಯಿತು. ವಿಚಾರಣೆ ಇನ್ನೂ ಮುಗಿದಿಲ್ಲ. ಡಾಕ್ಟರು ತಪ್ಪಿತಸ್ಥರೋ ಅಲ್ಲವೋ, ಆ ಗಡ್ಡೆಗೆ ಗರ್ಭಕೋಶವನ್ನೇ ತೆಗೆಯಬೇಕಾಗಿತ್ತೋ ಇಲ್ಲವೋ, ಅದನ್ನು ಹೇಳಲು ನಾವು ವೈದ್ಯರಲ್ಲ.

ಮೊನ್ನೆ ಗೆಳೆಯರ ಕಾಗದ ಬಂತು. ಆ ಡಾಕ್ಟರೇ ಈಗ ತಮ್ಮ ಆಸ್ಪತ್ರೆಗೆ ಕನ್ನಡದ ಒಪ್ಪಿಗೆ ಪತ್ರ ಬೇಕೆಂದು ಕೇಳಿದ್ದಾರಂತೆ. "ಕಾಸರಗೋಡಿನಲ್ಲಿ ನಿಮಗೆ ಕಾಯಿದೆಯ ಬಲವಿತ್ತಲ್ಲ, ನಿಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಕನ್ನಡದ ಪತ್ರ ಇದ್ದೇ ಇರುತ್ತದೆ, ಒಂದು ಮಾದರಿ ಕಳುಹಿಸಿ" ಎಂದು ಬರೆದಿದ್ದಾರೆ. ಎರಡು ವಾರದಿಂದ ಹುಡುಕುತ್ತಿದ್ದೇವೆ. ಪರಿಚಯದ ಹತ್ತು ಮನೆಗಳ ಫೈಲು ಬಿಚ್ಚಿಸಿದ್ದಾಯಿತು. ಸಿಕ್ಕಿದ್ದೆಲ್ಲ ಮಲಯಾಳ, ಇಲ್ಲವೇ ಇಂಗ್ಲಿಷ್, ಕೆಳಗೆ ಕನ್ನಡದ ಸಹಿ. ಓದುಗರಲ್ಲಿ ಯಾರ ಬಳಿಯಾದರೂ ನಮ್ಮ ಜಿಲ್ಲೆಯ ಆಸ್ಪತ್ರೆಯ ಕನ್ನಡ ಒಪ್ಪಿಗೆ ಪತ್ರವಿದ್ದರೆ ಹೆಸರು ಮರೆಮಾಡಿ ಒಂದು ನಕಲನ್ನು ಪತ್ರಿಕೆಯ ಕಚೇರಿಗೆ ತಲುಪಿಸಬೇಕು. ನಾರಾಯಣಖೇಡಕ್ಕೆ ಕಳುಹಿಸುವ ಅಂಚೆವೆಚ್ಚ ನಮ್ಮದು.